ರಜೆ ಸಿಗದ ಆಟಗಾರ

2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದ ಟೆನಿಸ್ ಅಂಗಳದಲ್ಲಿ ಸನ್ಮಾನ ಸಮಾರಂಭವೊಂದು ಏರ್ಪಾಡಾಗಿತ್ತು. ಸನ್ಮಾನಕ್ಕೆ ಪಾತ್ರರಾಗಬೇಕಿದ್ದವರು ಇಬ್ಬರು: ಸ್ವೀಡನ್ನಿನ ಬ್ಯೋರ್ನ್ ಬೋರ್ಗ್ ಮತ್ತು ನಮ್ಮವರೇ ಆದ ವಿಜಯ್ ಅಮೃತರಾಜ್. ಸನ್ಮಾನಿಸಬೇಕಿದ್ದವರು ಅಂದಿನ ಮುಖ್ಯಮಂತ್ರಿಗಳು. ನಿಗದಿತ ವೇಳೆ ಮೀರಿ ಬಹಳ ಹೊತ್ತಾದರೂ ಮುಖ್ಯಮಂತ್ರಿಗಳು ಬರಲಿಲ್ಲ. ಅಷ್ಟರಲ್ಲಿ ಬೋರ್ಗ್ ಅವರ ಮಗ, 19 ವರ್ಷದ ಲಿಯೋ, ಬೆಂಗಳೂರು ಓಪನ್ ಟೂರ್ನಿಯ ಮೊದಲ ಪಂದ್ಯಕ್ಕಾಗಿ ಅಂಕಣಕ್ಕಿಳಿಯುವ ಸಮಯವಾಯಿತು. ತಂದೆ ಮಗನ ಆಟ ನೋಡಲು ಎದ್ದು ಹೋದರು. ಸನ್ಮಾನ ರದ್ದಾಯಿತು.

ಸರ್ಕಾರಿ ಸೇವೆಯಲ್ಲಿದ್ದಾಗ ಇಂತಹ ಎಷ್ಟೋ ಸಮಾರಂಭಗಳ ಹೊಣೆ ಹೊತ್ತವನು ನಾನು. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಸಿದ್ಧವಾಗಿರುತ್ತವೆ. ಇಲ್ಲದಿರುವುದು ಗಣ್ಯರು ಮಾತ್ರ. 'ಹೊರಟಿದ್ದಾರೆ, ಇನ್ನು ಹತ್ತೇ ನಿಮಿಷ' ಎಂದು ನಾಲ್ಕು ಬಾರಿ ಹೇಳಿ, ಐದನೆಯ ಬಾರಿ ಹೇಳಬೇಕಾದಾಗ ಅಧಿಕಾರಿಯ ಮುಖ ಹೇಗಿರುತ್ತದೆಂಬುದು ನನಗೆ ಗೊತ್ತು. ಆದ್ದರಿಂದ ಸುದ್ದಿ ಓದಿದಾಗ ಮೊದಲು ಮರುಕ ಹುಟ್ಟಿದ್ದು ಅಂದು ಅಲ್ಲಿ ಆ ಕೆಲಸಕ್ಕೆ ನಿಂತಿದ್ದ, ನನಗೆ ಪರಿಚಯವಿಲ್ಲದ ನೌಕರನ ಮೇಲೆ. ಅತಿಥಿಯದು ಅವಿನಯವೆಂದು ನನ್ನ ಮಿತ್ರರೊಬ್ಬರು ಆಕ್ಷೇಪಿಸಿದರು. ನನಗೆ ಹಾಗೆನ್ನಿಸಲಿಲ್ಲ. ಬೋರ್ಗ್ ಅವರು ಸಮಾರಂಭವೊಂದಕ್ಕೆ ಕಾಯದೆ ನಡೆದುಹೋದದ್ದು ಅದೇ ಮೊದಲಲ್ಲ ಎಂಬುದು ನೆನಪಾಯಿತು.

ಹಿಂದಿನದು ನಡೆದದ್ದು ನ್ಯೂಯಾರ್ಕಿನಲ್ಲಿ, 1981ರ ಸೆಪ್ಟೆಂಬರಿನಲ್ಲಿ. ಅಮೆರಿಕ ಓಪನ್ ಫೈನಲ್‌ನಲ್ಲಿ ಬೋರ್ಗ್ ಅವರು ಜಾನ್ ಮೆಕೆನ್ರೋ ಅವರಿಗೆ ನಾಲ್ಕು ಸೆಟ್‌ಗಳಲ್ಲಿ ಸೋತರು. ಗೆದ್ದವನ ಕೈಕುಲುಕಿದರು, ಸಾಮಾನು ಎತ್ತಿಕೊಂಡರು, ಬಹುಮಾನ ವಿತರಣೆಗೂ ನಿಲ್ಲದೆ ಹೊರಟುಹೋದರು. ಅಂದು ಅವರಿಗೆ ಜೀವಬೆದರಿಕೆಯ ಕರೆ ಬಂದಿತ್ತಾದ್ದರಿಂದ ಪೊಲೀಸರ ಕಾವಲಿತ್ತು. ಅವಸರದ ನಿರ್ಗಮನಕ್ಕೆ ಅದೇ ಕಾರಣವೆಂದು ಕೆಲವರು ಭಾವಿಸಿದರು. ನಿಜವಾದ ಕಾರಣ ಬೇರೆ ಇತ್ತು. ಆ ದಿನ ಅವರಿಗೆ 25 ವರ್ಷ. ಗ್ರ್ಯಾಂಡ್‌ಸ್ಲಾಮ್ ಪಂದ್ಯಾವಳಿಯೊಂದರಲ್ಲಿ ಅವರು ಮತ್ತೆಂದೂ ಆಡಲಿಲ್ಲ.

ಇಂದಿನ ಯುವ ಓದುಗರಿಗೆ ಬೋರ್ಗ್ ಎಂದರೆ ಯಾರೆಂಬುದನ್ನು ಹೇಳಬೇಕಾಗಬಹುದು. 1956ರ ಜೂನ್ 6ರಂದು ಜನಿಸಿ, ಸ್ಟಾಕ್‌ಹೋಮ್ ಬಳಿಯ ಸೋದರ್‌ತೆಲ್ಯ ಎಂಬ ಊರಿನಲ್ಲಿ ಬೆಳೆದ ಹುಡುಗ. ತಂದೆ ಟೇಬಲ್ ಟೆನಿಸ್ ಸ್ಪರ್ಧೆಯೊಂದರಲ್ಲಿ ಬಹುಮಾನವಾಗಿ ಪಡೆದ ಟೆನಿಸ್ ರ‍್ಯಾಕೆಟ್ಟನ್ನು ಮಗನ ಕೈಗಿತ್ತದ್ದು ಎಲ್ಲಕ್ಕೂ ಮೊದಲು. 1972ರಲ್ಲಿ, ಇನ್ನೂ 15 ತುಂಬಿದ್ದಾಗಲೇ, ಡೇವಿಸ್ ಕಪ್‌ನಲ್ಲಿ ದೇಶಕ್ಕಾಗಿ ಆಡಿ ನ್ಯೂಜಿಲೆಂಡಿನ ಅನುಭವಿ ಆಟಗಾರನನ್ನು ಸೋಲಿಸಿದ. ಮುಂದಿನದು ದಾಖಲೆಗಳ ಮಾತು: ಫ್ರೆಂಚ್ ಓಪನ್ 6 ಬಾರಿ, ವಿಂಬಲ್ಡನ್ 1976ರಿಂದ 1980ರವರೆಗೆ ಸತತ 5 ಬಾರಿ. ವಿಂಬಲ್ಡನ್‌ನಲ್ಲಿ ಸೋಲಿಲ್ಲದೆ ಆಡಿದ್ದು 41 ಪಂದ್ಯ. ಆವೆಮಣ್ಣಿನ ಪ್ಯಾರಿಸ್ಸಿನಲ್ಲಿ ಗೆದ್ದು, ಕೆಲವೇ ವಾರಗಳೊಳಗೆ ಹುಲ್ಲಿನ ಅಂಕಣದಲ್ಲೂ ಗೆಲ್ಲುವುದು ಅತಿ ಕಠಿಣವೆಂದು ಬಲ್ಲವರು ಹೇಳುತ್ತಾರೆ. ಇವರು ಅದನ್ನು 1978, 1979, 1980ರಲ್ಲಿ ಸಾಲಾಗಿ ಮೂರು ವರ್ಷ ಮಾಡಿ ತೋರಿಸಿದರು. ಅಮೆರಿಕ ಓಪನ್ ಮಾತ್ರ ಕೈಗೂಡಲಿಲ್ಲ. ನಾಲ್ಕು ಬಾರಿ ಫೈನಲ್ ತಲುಪಿ ನಾಲ್ಕೂ ಬಾರಿ ಸೋತರು.

ನಮಗೆ ಅವರು ಹತ್ತಿರವಾದದ್ದು ಅಮೃತರಾಜ್ ಅವರ ಮೂಲಕ. 1974ರಲ್ಲಿ ಅಮೆರಿಕ ಓಪನ್‌ನಲ್ಲಿ ಬೋರ್ಗ್ ಅವರನ್ನು ವಿಜಯ್ ಸೋಲಿಸಿದಾಗ, ಅಮೃತರಾಜ್, ಬೋರ್ಗ್, ಕಾನರ್ಸ್ ಎಂಬ ಮೂವರನ್ನು ಟೆನಿಸ್ಸಿನ 'ಎಬಿಸಿ' ಎಂದು ಕರೆಯುವ ರೂಢಿ ಬಂದಿತ್ತು. 1979ರ ವಿಂಬಲ್ಡನ್ ಎರಡನೆಯ ಸುತ್ತಿನಲ್ಲಿ ವಿಜಯ್ ಮೂರು ಸೆಟ್‌ಗಳಲ್ಲಿ ಎರಡನ್ನು ಗೆದ್ದು ಮುಂದಿದ್ದರು. ನಾಲ್ಕನೆಯ ಸೆಟ್ ಟೈಬ್ರೇಕ್‌ವರೆಗೆ ಹೋಯಿತು. ಅಲ್ಲಿ ಜಾರಿದ ಪಂದ್ಯ ಐದನೆಯ ಸೆಟ್‌ನಲ್ಲಿ ಮತ್ತೆ ಕೈಗೆ ಬರಲಿಲ್ಲ. ಆ ಸೋಲು ನಮ್ಮ ಪೀಳಿಗೆಯವರಿಗೆ ಇಂದಿಗೂ ಸಣ್ಣದೊಂದು ನೋವು.

1980ರ ಜುಲೈ 5, ಶನಿವಾರ. ನಾನಾಗ ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಬೆಂಗಳೂರು ದೂರದರ್ಶನ ಇನ್ನೂ ಬಂದಿರಲಿಲ್ಲ. ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಏಳೆಂಟು ಮಂದಿ ಸೇರಿ, ಬಂದು ಹೋಗುವ ಕಿರುತರಂಗದ ದನಿಗೆ ಕಿವಿಗೊಟ್ಟು ವಿಂಬಲ್ಡನ್ ಫೈನಲ್ ಆಲಿಸುತ್ತಿದ್ದೆವು. ನಾಲ್ಕನೆಯ ಸೆಟ್‌ನ ಟೈಬ್ರೇಕ್ 34 ಅಂಕಗಳಷ್ಟು ಬೆಳೆಯಿತು. ಗೆಲುವಿನ ಅಂಕ ಆ ಟೈಬ್ರೇಕ್‌ನಲ್ಲೇ ಐದು ಬಾರಿ ಬೋರ್ಗ್ ಅವರ ಮುಂದೆ ಬಂತು, ಐದು ಬಾರಿಯೂ ತಪ್ಪಿತು. ಕೊನೆಗೆ 18-16ರಲ್ಲಿ ಸೆಟ್ ಮೆಕೆನ್ರೋ ಪಾಲಾಯಿತು. ಅಷ್ಟಾದ ಮೇಲೆ ಯಾರಾದರೂ ಕುಸಿಯಬೇಕು. ಇವರು ಐದನೆಯ ಸೆಟ್ಟನ್ನು 8-6ರಲ್ಲಿ ಗೆದ್ದರು. ಇಂಗ್ಲಿಷ್ ಪತ್ರಿಕೆಗಳು ಅವರನ್ನು 'ಹಿಮದ ಮನುಷ್ಯ' ಎಂದು ಬಣ್ಣಿಸುತ್ತಿದ್ದುದು ನಮಗೆ ಸರಿಯಾಗಿಯೇ ತೋರಿತು.

ಹಿಮವೆಂಬುದು ಹುಟ್ಟುಗುಣವಾಗಿರಲಿಲ್ಲ ಎಂಬುದು ಬಹಳ ಕಾಲದ ಮೇಲೆ ತಿಳಿಯಿತು. ಬಾಲ್ಯದಲ್ಲಿ ತಾನು ಮಹಾ ಸಿಡುಕನಾಗಿದ್ದೆ, ರ‍್ಯಾಕೆಟ್ ಎಸೆಯುತ್ತಿದ್ದೆ, ದುರ್ವರ್ತನೆಗಾಗಿ ಕ್ಲಬ್ ತನ್ನನ್ನು ತಿಂಗಳುಗಟ್ಟಲೆ ಹೊರಗಿಟ್ಟಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಮರಳಿ ಬಂದ ಹುಡುಗ ಬಾಯಿ ತೆರೆಯಲಿಲ್ಲ. ತೆರೆದರೆ ಮತ್ತೆ ಹೊರಗೆ ಹಾಕಿಯಾರು ಎಂಬ ಅಂಜಿಕೆ. ನಾವು ಸ್ಥಿತಪ್ರಜ್ಞೆ ಎಂದುಕೊಂಡದ್ದು ಹನ್ನೆರಡು, ಹದಿಮೂರು ವರ್ಷಗಳ ಕಾಲ ಪ್ರತಿದಿನವೂ ನಡೆದ ಅದುಮುವಿಕೆ. ಅವರ ಮರದ ರ‍್ಯಾಕೆಟ್ಟಿನ ತಂತಿಗಳನ್ನು ಸುಮಾರು 80 ಪೌಂಡುಗಳಷ್ಟು ಬಿಗಿಗೊಳಿಸುತ್ತಿದ್ದರಂತೆ. ರಾತ್ರಿ ಹೋಟೆಲಿನ ಕೋಣೆಯಲ್ಲಿ ತಂತಿಗಳು ತಾವಾಗಿಯೇ ಕಡಿದುಹೋಗುವ ಸದ್ದಿಗೆ ತರಬೇತುದಾರ ಲೆನಾರ್ಟ್ ಬರ್ಯೆಲಿನ್ ಎಚ್ಚರಗೊಳ್ಳುತ್ತಿದ್ದರೆಂದು ಹೇಳುವುದುಂಟು.

1981ರ ಕೊನೆಯ ಹೊತ್ತಿಗೆ ಬೋರ್ಗ್ ದಣಿದಿದ್ದರು. ಅವರು ಕೇಳಿದ್ದು ನಿವೃತ್ತಿಯನ್ನಲ್ಲ. ಮುಂದಿನ ವರ್ಷ ಸ್ವಲ್ಪ ಕಡಿಮೆ ಆಡುತ್ತೇನೆ, ಒಂದಷ್ಟು ತಿಂಗಳು ಬಿಡುವು ಬೇಕು ಎಂದರು. ಅಂದು ಪುರುಷರ ವೃತ್ತಿಪರ ಟೆನಿಸ್ಸಿನ ಆಡಳಿತ ಒಂದು ಮಂಡಳಿಯ ಕೈಯಲ್ಲಿತ್ತು. ವರ್ಷಕ್ಕೆ ಕನಿಷ್ಠ 10 ಗ್ರ್ಯಾನ್ ಪ್ರೀ ಟೂರ್ನಿಗಳಲ್ಲಿ ಆಡುವೆನೆಂದು ಒಪ್ಪದ ಆಟಗಾರ ಯಾರೇ ಆಗಿರಲಿ, ಪ್ರತಿ ಟೂರ್ನಿಯಲ್ಲೂ ಹೊಸಬರೊಡನೆ ಅರ್ಹತಾ ಸುತ್ತು ಆಡಿಯೇ ಬರಬೇಕು ಎಂಬುದು ಅದರ ನಿಯಮ. ಐದು ಬಾರಿ ವಿಂಬಲ್ಡನ್ ಗೆದ್ದವರಿಗೆ ವಿಂಬಲ್ಡನ್‌ನಲ್ಲೂ ಇದೇ. 1982ರ ಏಪ್ರಿಲ್‌ನಲ್ಲಿ ಬೋರ್ಗ್ ಅವರು ಮಾಂಟೆ ಕಾರ್ಲೋದಲ್ಲಿ ನಿಯಮಕ್ಕೆ ತಲೆಬಾಗಿ ಅರ್ಹತಾ ಸುತ್ತು ಆಡಿದರು, ಗೆದ್ದರು, ಎಂಟರ ಘಟ್ಟದಲ್ಲಿ ಯಾನಿಕ್ ನೋವಾ ಅವರಿಗೆ ಸೋತರು. ಆ ವರ್ಷ ಪ್ಯಾರಿಸ್ಸಿಗೂ ಹೋಗಲಿಲ್ಲ, ವಿಂಬಲ್ಡನ್ನಿಗೂ ಹೋಗಲಿಲ್ಲ. 1983ರ ಜನವರಿಯಲ್ಲಿ, 26ನೆಯ ವಯಸ್ಸಿನಲ್ಲಿ, ಇನ್ನು ಆಡುವುದಿಲ್ಲವೆಂದು ಪ್ರಕಟಿಸಿದರು. ಅದೇ ವರ್ಷ ನಾನು ಸೇವೆಗೆ ಸೇರಿದೆ.

ಮಂಡಳಿಯ ಪರವಾಗಿಯೂ ಹೇಳಬೇಕಾದ ಮಾತಿದೆ. ಆ ನಿಯಮ ಮೂರ್ಖರು ಮಾಡಿದ್ದಲ್ಲ. ತಾರೆಯರು ಟೂರ್ನಿಗಳನ್ನು ಬಿಟ್ಟು, ಹೆಚ್ಚು ಹಣ ಕೊಡುವ ಪ್ರದರ್ಶನ ಪಂದ್ಯಗಳ ಕಡೆಗೆ ವಾಲುತ್ತಿದ್ದರು. ಸ್ವತಃ ಬೋರ್ಗ್ ಅವರೂ ಇದಕ್ಕೆ ಹೊರತಲ್ಲ. ಬಿಡುವು ಕೇಳಿದ ವರ್ಷದಲ್ಲೇ ಪ್ರದರ್ಶನ ಪಂದ್ಯಗಳನ್ನಾಡಿದರು. ದೊಡ್ಡವರು ಬಾರದಿದ್ದರೆ ಟಿಕೆಟ್ ಮಾರಾಟವಾಗುವುದಿಲ್ಲ, ಸಣ್ಣ ಊರಿನ ಟೂರ್ನಿ ಮುಚ್ಚುತ್ತದೆ, ಅದನ್ನೇ ನಂಬಿದ ನೂರನೆಯ ರ‍್ಯಾಂಕಿನ ಆಟಗಾರ ಬೀದಿಗೆ ಬೀಳುತ್ತಾನೆ. ಎಲ್ಲರೂ ಸೇರಿ ಉಳಿಸಿಕೊಳ್ಳಬೇಕಾದ ವ್ಯವಸ್ಥೆಯಿಂದ ಒಬ್ಬೊಬ್ಬರೂ ತಮ್ಮ ಲಾಭ ನೋಡಿ ಹೊರನಡೆದರೆ ವ್ಯವಸ್ಥೆಯೇ ಉಳಿಯುವುದಿಲ್ಲ ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. ನಿಯಮದ ಉದ್ದೇಶ ಸರಿಯಿತ್ತು. ದಣಿದವನನ್ನೂ ದುರಾಸೆಯವನನ್ನೂ ಬೇರೆಮಾಡಿ ನೋಡುವ ಕಣ್ಣು ಅದಕ್ಕಿರಲಿಲ್ಲ.

ಈ ದೋಷವನ್ನು ದೂರದಿಂದ ಎತ್ತಿ ತೋರಿಸುವ ಅಧಿಕಾರ ನನಗೆಷ್ಟಿದೆ ಎಂಬ ಪ್ರಶ್ನೆಯೂ ಇದೆ. ಸರ್ಕಾರಿ ಸೇವಾ ನಿಯಮಗಳನ್ನು ಓದಿದವರಿಗೆಲ್ಲ ಗೊತ್ತಿರುವ ಮಾತು: ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ. ಉಪವಿಭಾಗಾಧಿಕಾರಿಯಾಗಿದ್ದಾಗ ನನ್ನ ಕೈಕೆಳಗೆ ಒಬ್ಬ ಶಿರಸ್ತೇದಾರರಿದ್ದರು. ಭೂದಾಖಲೆಗಳ ವಿಷಯದಲ್ಲಿ ಅವರಿಗೆ ತಿಳಿಯದಿದ್ದುದು ಆ ತಾಲ್ಲೂಕಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಒಂದು ದಿನ ನಾಲ್ಕು ತಿಂಗಳ ರಜೆಗೆ ಅರ್ಜಿ ತಂದರು. ಕಾಯಿಲೆಯೆ ಎಂದೆ, ಅಲ್ಲ ಎಂದರು. ಮಗಳ ಮದುವೆಯೆ? ಅಲ್ಲ. ಮತ್ತೇನು ಕಾರಣ? 'ಸಾಕಾಗಿದೆ ಸಾರ್' ಎಂದರು. ಅರ್ಜಿಯ ನಮೂನೆಯಲ್ಲಿ ಅಂತಹ ಕಾರಣಕ್ಕೆ ಅಂಕಣವಿರಲಿಲ್ಲ. 'ಆಡಳಿತ ಹಿತದೃಷ್ಟಿಯಿಂದ ತಿರಸ್ಕರಿಸಲಾಗಿದೆ' ಎಂದು ಬರೆದು ಸಹಿ ಹಾಕಿದೆ. ಆರು ತಿಂಗಳಲ್ಲಿ ಅವರು ಸ್ವಯಂ ನಿವೃತ್ತಿ ಪಡೆದರು. ಅವರಿಲ್ಲದೆ ಕಚೇರಿ ಎರಡು ವರ್ಷ ತತ್ತರಿಸಿತು. ಬಹಳ ವರ್ಷಗಳ ಮೇಲೆ ಮದುವೆ ಮನೆಯೊಂದರಲ್ಲಿ ಸಿಕ್ಕಾಗ ಆ ಅರ್ಜಿಯ ಮಾತೆತ್ತಿದೆ. ಅವರಿಗೆ ಸಿಟ್ಟೇನೂ ಇರಲಿಲ್ಲ. 'ನಾಲ್ಕು ತಿಂಗಳು ಕೊಟ್ಟಿದ್ದರೆ ಐದನೇ ತಿಂಗಳು ಬಂದುಬಿಡುತ್ತಿದ್ದೆ ಸಾರ್' ಎಂದಷ್ಟೇ ಹೇಳಿ ಊಟದ ಪಂಕ್ತಿಯ ಕಡೆ ನಡೆದರು.

ಬಿಡುವು ಸಿಕ್ಕಿದ್ದರೆ ಬೋರ್ಗ್ ಮರಳುತ್ತಿದ್ದರೆ? ಖಚಿತವಾಗಿ ಹೇಳುವಂತಿಲ್ಲ. ಆದರೆ ಮರಳಿದವರ ಉದಾಹರಣೆ ಟೆನಿಸ್ಸಿನಲ್ಲೇ ಇದೆ. ಆಸ್ಟ್ರೇಲಿಯಾದ ಆಶ್ಲಿ ಬಾರ್ಟಿ 2014ರಲ್ಲಿ, ಇನ್ನೂ 18 ವರ್ಷದವರಿದ್ದಾಗ, ಆಟ ಸಾಕೆನಿಸಿ ಬಿಟ್ಟರು. ಸುಮ್ಮನೆ ಕೂರದೆ ಬ್ರಿಸ್ಬೇನ್ ತಂಡಕ್ಕಾಗಿ ಕ್ರಿಕೆಟ್ ಆಡಿದರು. 2016ರಲ್ಲಿ ರ‍್ಯಾಂಕಿಂಗ್ ಏನೂ ಇಲ್ಲದವರಾಗಿ ಮರಳಿ, ಸಣ್ಣ ಟೂರ್ನಿಗಳಿಂದ ಆರಂಭಿಸಿ, 2019ರಲ್ಲಿ ಫ್ರೆಂಚ್ ಓಪನ್, 2021ರಲ್ಲಿ ವಿಂಬಲ್ಡನ್, 2022ರ ಜನವರಿಯಲ್ಲಿ ತಮ್ಮ ದೇಶದ ಓಪನ್ ಗೆದ್ದರು. ಅದಾದ ಎರಡೇ ತಿಂಗಳಿಗೆ, ವಿಶ್ವದ ಮೊದಲ ಸ್ಥಾನದಲ್ಲಿದ್ದಾಗಲೇ, 25ನೆಯ ವಯಸ್ಸಿನಲ್ಲಿ ನಿವೃತ್ತರಾದರು. ವಯಸ್ಸಿನ ಲೆಕ್ಕದಲ್ಲಿ ಬೋರ್ಗ್ ಅವರಿಗಿಂತಲೂ ಬೇಗ. ಆದರೂ ಆ ನಿರ್ಗಮನದಲ್ಲಿ ಯಾರಿಗೂ ಓಟ ಕಾಣಲಿಲ್ಲ. ಒಮ್ಮೆ ಹೊರಗೆ ಹೋಗಿ ಅಲ್ಲಿಯೂ ಬದುಕಿದೆಯೆಂದು ನೋಡಿ ಬಂದವರ ನಡೆ ಅದು. ಬೋರ್ಗ್ ಅವರಿಗೆ ಅಂತಹ ಹೊರಗಿನ ಪರಿಚಯವೇ ಇರಲಿಲ್ಲ.

ಪುರುಷರ ಟೆನಿಸ್ಸಿನಲ್ಲೂ ನಿಯಮಗಳು ಸಡಿಲಗೊಂಡಿವೆ, ತಡವಾಗಿಯಾದರೂ. ಹಳೆಯ ಮಂಡಳಿ ಹೋಗಿ 1990ರಿಂದ ಎಟಿಪಿ ಟೂರ್ ಬಂದಿತು. ಗಾಯಗೊಂಡು ಆರು ತಿಂಗಳಿಗೂ ಹೆಚ್ಚು ಕಾಲ ಹೊರಗುಳಿದವನಿಗೆ ಹಳೆಯ ರ‍್ಯಾಂಕಿಂಗನ್ನು ಕೆಲಕಾಲ ಕಾಯ್ದಿರಿಸುವ ಪದ್ಧತಿ ಬಂದಿತು. ನಮ್ಮ ಸರ್ಕಾರಿ ಭಾಷೆಯಲ್ಲಿ ಹುದ್ದೆಯ ಮೇಲೆ 'ಲೀನ್' ಉಳಿಸಿಕೊಂಡು ಬೇರೆಡೆಗೆ ಹೋದಂತೆ. 30 ವರ್ಷ ತುಂಬಿದವರಿಗೆ, 600 ಪಂದ್ಯ ಆಡಿದವರಿಗೆ, 12 ವರ್ಷ ಸೇವೆ ಮುಗಿಸಿದವರಿಗೆ ಕಡ್ಡಾಯ ಟೂರ್ನಿಗಳಿಂದ ಹಂತಹಂತವಾಗಿ ವಿನಾಯಿತಿಯೂ ಸಿಕ್ಕಿತು. ಬೋರ್ಗ್ ಅವರು 25ನೆಯ ವಯಸ್ಸಿಗೇ 600ಕ್ಕೂ ಹೆಚ್ಚು ಪಂದ್ಯ ಆಡಿಯಾಗಿತ್ತು.

ಇನ್ನು ನಿವೃತ್ತಿಯ ನಂತರದ ಬದುಕು. ನಾನು 60ಕ್ಕೆ ನಿವೃತ್ತನಾದೆ. ಮರುದಿನ ಬೆಳಿಗ್ಗೆ ಎದ್ದಾಗ ಪಿಂಚಣಿಯಿತ್ತು, ಓದದೇ ಉಳಿದ ಪುಸ್ತಕಗಳಿದ್ದವು, ವಾಕಿಂಗ್ ಗೆಳೆಯರಿದ್ದರು. ಆದರೂ ಮೊದಲ ಆರು ತಿಂಗಳು ಕಾರಣವಿಲ್ಲದೆ ಮನೆಯವರ ಮೇಲೆ ರೇಗುತ್ತಿದ್ದೆ. ದುಡಿಯುವ ದೀರ್ಘ ಕಾಲದಲ್ಲಿ ಉಳಿಸಿ, ದುಡಿಯಲಾಗದ ಅಲ್ಪಕಾಲದಲ್ಲಿ ಮನುಷ್ಯ ಅದನ್ನು ಖರ್ಚು ಮಾಡುತ್ತಾನೆ ಎಂಬುದು ಫ್ರಾಂಕೊ ಮೊಡಿಗ್ಲಿಯಾನಿ ಅವರ ಪ್ರಸಿದ್ಧ ಸಿದ್ಧಾಂತದ ಸ್ಥೂಲ ಸಾರ. ಅದಕ್ಕಾಗಿಯೂ 1985ರಲ್ಲಿ ಅವರಿಗೆ ನೊಬೆಲ್ ಬಂದಿತು. ಕ್ರೀಡಾಪಟುವಿನ ವಿಷಯದಲ್ಲಿ ಈ ಲೆಕ್ಕ ತಲೆಕೆಳಗು. ದುಡಿಮೆ ಹತ್ತು ವರ್ಷ, ಉಳಿದದ್ದು ಐವತ್ತು ವರ್ಷ. ಕಲಿತ ವಿದ್ಯೆಗೂ ಬೇರೆ ಮಾರುಕಟ್ಟೆಯಿಲ್ಲ: ಎರಡು ಕೈಗಳಿಂದ ಹೊಡೆಯುವ ಬ್ಯಾಕ್‌ಹ್ಯಾಂಡ್ ಎಷ್ಟೇ ಅಪ್ರತಿಮವಾಗಿರಲಿ, ಅದನ್ನು ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಬಳಸಲಾಗದು.

ಹಣವೇನೋ ಸಾಕಷ್ಟಿತ್ತು. 1976ರಲ್ಲಿ ವಿಂಬಲ್ಡನ್ ಗೆದ್ದವರಿಗೆ ಸಿಕ್ಕದ್ದು 12,500 ಪೌಂಡ್, 1980ರಲ್ಲಿ 20,000 ಪೌಂಡ್. 2025ರಲ್ಲಿ ಅದು 30 ಲಕ್ಷ ಪೌಂಡ್ ಆಯಿತು. ಬೋರ್ಗ್ ಅವರ ಇಡೀ ವೃತ್ತಿಜೀವನದ ಬಹುಮಾನದ ಹಣ ಸುಮಾರು 36 ಲಕ್ಷ ಡಾಲರ್. 2025ರ ಅಮೆರಿಕ ಓಪನ್ ಗೆದ್ದವರು ಎರಡು ವಾರದಲ್ಲಿ ಪಡೆದದ್ದು 50 ಲಕ್ಷ ಡಾಲರ್. ಬೆಲೆಯೇರಿಕೆಯನ್ನು ಕಳೆದರೆ ಅಂತರ ಕಿರಿದಾಗುತ್ತದೆಯೇ ಹೊರತು ಅಳಿಯುವುದಿಲ್ಲ. ಬಹುಮಾನಕ್ಕಿಂತ ಅವರು ಹೆಚ್ಚು ಗಳಿಸಿದ್ದು ಜಾಹೀರಾತು, ಪ್ರದರ್ಶನ ಪಂದ್ಯಗಳಿಂದ. ಸ್ವೀಡನ್ನಿನ ತೆರಿಗೆಗೆ ಅಂಜಿ ಎಪ್ಪತ್ತರ ದಶಕದ ಮಧ್ಯದಲ್ಲಿ ಮಾಂಟೆ ಕಾರ್ಲೋಗೆ ನೆಲೆ ಬದಲಿಸಿದ್ದನ್ನು ಸ್ವದೇಶದಲ್ಲಿ ಹಲವರು ಟೀಕಿಸಿದರು. ಮಕ್ಕಳ ಕತೆಗಾರ್ತಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರು ತಮ್ಮ ಆದಾಯದ ಮೇಲಿನ ತೆರಿಗೆ ದರ ಶೇ 102 ಆಗಿದೆಯೆಂದು 1976ರಲ್ಲಿ ಕತೆಯ ರೂಪದಲ್ಲಿ ಬರೆದು, ಆಡಳಿತ ಪಕ್ಷವನ್ನೇ ಅಲುಗಾಡಿಸಿದ ದೇಶ ಅದು. ತೆರಿಗೆ ಸಂಗ್ರಹಿಸುವ ವ್ಯವಸ್ಥೆಯಲ್ಲಿ ದುಡಿದ ನನಗೂ ಈ ಒಂದು ವಿಷಯದಲ್ಲಿ ಬೋರ್ಗ್ ಅವರನ್ನು ದೂರಲು ಮನಸ್ಸಾಗದು.

ದೂರಬೇಕಾದ ವಿಷಯಗಳು ಬೇರೆ ಇವೆ. ತಮ್ಮ ಹೆಸರಿನಲ್ಲಿ ತೆರೆದ ಉಡುಪು ವ್ಯಾಪಾರ ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ನೆಲಕಚ್ಚಿತು. ಸಾಲಗಾರರು, ನ್ಯಾಯಾಲಯ ಎಲ್ಲವೂ ಬಂದವು. ವ್ಯಂಗ್ಯವೆಂದರೆ ಆ ಹೆಸರು ಮಾತ್ರ ಮುಳುಗಲಿಲ್ಲ. ಬೇರೆಯವರ ಕೈಗೆ ಹೋಗಿ, ಒಳಉಡುಪಿನ ಬ್ರ್ಯಾಂಡ್ ಆಗಿ, ಸ್ಟಾಕ್‌ಹೋಮ್ ಷೇರುಪೇಟೆಯವರೆಗೆ ಬೆಳೆಯಿತು. ಮದುವೆಗಳು ಮುರಿದವು. 1989ರಲ್ಲಿ ಮಿಲಾನಿನ ಆಸ್ಪತ್ರೆಗೆ ಸೇರಬೇಕಾಗಿ ಬಂದದ್ದು ಪತ್ರಿಕೆಗಳಿಗೆ ಆಹಾರವಾಯಿತು.

1991ರಲ್ಲಿ ಅವರು ಮತ್ತೆ ಅಂಕಣಕ್ಕೆ ಬಂದರು, ಅದೇ ಮಾಂಟೆ ಕಾರ್ಲೋದಲ್ಲಿ. ಕೈಯಲ್ಲಿ ಹಳೆಯ ಮಾದರಿಯ ಮರದ ರ‍್ಯಾಕೆಟ್. ಎದುರಾಳಿಗಳೆಲ್ಲ ಹಗುರವಾದ ಗ್ರ್ಯಾಫೈಟ್ ರ‍್ಯಾಕೆಟ್ಟಿಗೆ ಬದಲಾಗಿ ಎಷ್ಟೋ ವರ್ಷಗಳಾಗಿದ್ದವು. ಸ್ಪೇನಿನ ಜೋರ್ಡಿ ಅರೆಸ್ಸೆ ಎರಡು ಸುಲಭ ಸೆಟ್‌ಗಳಲ್ಲಿ ಸೋಲಿಸಿದರು. ಗೇಲಿ ಮಾಡಿದವರು ಬಹಳ ಮಂದಿ. ನನಗಂತೂ ಆ ಛಾಯಾಚಿತ್ರ ನೋಡಿ ನಗು ಬರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಹಳೆಯ ಕಚೇರಿಗೆ ಬಂದು, ತಾನು ಬರೆದಿಟ್ಟ ರಿಜಿಸ್ಟರ್ ಎಲ್ಲಿದೆಯೆಂದು ಕೇಳುವ ನಿವೃತ್ತ ನೌಕರರನ್ನು ನಾನು ಕಂಡಿದ್ದೇನೆ. 1993ರವರೆಗೆ ಆಗಾಗ ಆಡಿದರು. ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಕೊನೆಯದಾಗಿ ಮಾಸ್ಕೋದಲ್ಲಿ ಅಲೆಕ್ಸಾಂಡರ್ ವೋಲ್ಕೊವ್ ಅವರಿಗೆ ಸೋತದ್ದು ಮೂರನೆಯ ಸೆಟ್‌ನ ಟೈಬ್ರೇಕ್‌ನಲ್ಲಿ, ಕೂದಲೆಳೆಯ ಅಂತರದಿಂದ.

2006ರ ಮಾರ್ಚ್‌ನಲ್ಲಿ ಬಂದ ಸುದ್ದಿ ಎಲ್ಲಕ್ಕಿಂತ ಹೆಚ್ಚು ಕಸಿವಿಸಿ ಹುಟ್ಟಿಸಿತು. ಐದು ವಿಂಬಲ್ಡನ್ ಪಾರಿತೋಷಕಗಳನ್ನೂ ಫೈನಲ್‌ನಲ್ಲಿ ಬಳಸಿದ ರ‍್ಯಾಕೆಟ್‌ಗಳನ್ನೂ ಬೋರ್ಗ್ ಅವರು ಲಂಡನ್ನಿನ ಬೊನಾಮ್ಸ್ ಹರಾಜು ಸಂಸ್ಥೆಗೆ ಒಪ್ಪಿಸಿದ್ದರು. ತಮ್ಮವರ ಭವಿಷ್ಯಕ್ಕೆ ಆರ್ಥಿಕ ಭದ್ರತೆ ಬೇಕು ಎಂಬುದು ಅವರು ಕೊಟ್ಟ ಕಾರಣ. ಮೂಲ ಬಟ್ಟಲು ವಿಂಬಲ್ಡನ್ ಕ್ಲಬ್ಬಿನಲ್ಲೇ ಉಳಿಯುತ್ತದೆ. ಗೆದ್ದವನ ಮನೆಗೆ ಬರುವುದು ಅದರ ಚಿಕ್ಕ ಪ್ರತಿಕೃತಿ. ಲೋಹದ ಬೆಲೆಗೆ ನೋಡಿದರೆ ಹೆಚ್ಚೇನಿಲ್ಲ. ಸುದ್ದಿ ತಿಳಿದ ಮೆಕೆನ್ರೋ ದೂರವಾಣಿ ಮಾಡಿ, ನಿನಗೇನು ತಲೆ ಕೆಟ್ಟಿದೆಯೆ ಎಂಬರ್ಥದ ಮಾತಾಡಿದರಂತೆ. ಆ ತಿಂಗಳು ಮುಗಿಯುವ ಮೊದಲೇ ಬೋರ್ಗ್ ಹರಾಜಿನಿಂದ ಎಲ್ಲವನ್ನೂ ಹಿಂದೆ ಪಡೆದರು. ಒಂದು ಕಾಲದ ಎದುರಾಳಿಯಷ್ಟು ಸಲಿಗೆಯಿಂದ ಬೈಯುವ ಹಕ್ಕು ಬೇರೆ ಯಾರಿಗಿದ್ದೀತು?

2025ರ ಸೆಪ್ಟೆಂಬರಿನಲ್ಲಿ ಬೋರ್ಗ್ ಅವರ ಆತ್ಮಕಥೆ ಪ್ರಕಟವಾಯಿತು. ಪತ್ನಿ ಪೆಟ್ರೀಷಿಯಾ ಅವರ ಜತೆಗೂಡಿ ಬರೆದದ್ದು. ಸ್ವೀಡಿಷ್ ಹೆಸರಿನ ಅರ್ಥ 'ಹೃದಯಬಡಿತ'. ಆಟ ಬಿಟ್ಟ ಹೊತ್ತಿನಲ್ಲೇ ಕೊಕೇನ್ ರುಚಿ ನೋಡಿದ್ದು, ಅದು ವರ್ಷಗಟ್ಟಲೆ ಬೆನ್ನುಹತ್ತಿದ್ದು, ತೊಂಬತ್ತರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಪಂದ್ಯಕ್ಕೆಂದು ಹೋದಾಗ ಕುಸಿದುಬಿದ್ದದ್ದು, ಎಲ್ಲವನ್ನೂ ಅವರು ಮುಚ್ಚಿಡದೆ ಹೇಳಿದ್ದಾರೆ. ಅಂದು ಆಸ್ಪತ್ರೆಯಲ್ಲಿ ಕಣ್ಣು ತೆರೆದಾಗ ಎದುರಿಗೆ ಕಂಡವರು ತಂದೆ ರೂನೆ. ಟೇಬಲ್ ಟೆನಿಸ್ಸಿನಲ್ಲಿ ಗೆದ್ದ ರ‍್ಯಾಕೆಟ್ಟನ್ನು ಮಗನಿಗೆ ಕೊಟ್ಟಿದ್ದ ಅದೇ ತಂದೆ. ಬದುಕಿನಲ್ಲಿ ಅಷ್ಟು ನಾಚಿಕೆ ಬೇರೆಂದೂ ಆಗಿರಲಿಲ್ಲವೆಂದು ಮಗ ಒಪ್ಪಿಕೊಂಡಿದ್ದಾರೆ. ಅಂಕಣದಲ್ಲಿ ಹುಬ್ಬು ಗಂಟಿಕ್ಕದೆ ಆಡಿದ ಮನುಷ್ಯ ಈ ಮಾತನ್ನು ಹೇಳಲು ಸುಮಾರು 70ನೆಯ ವಯಸ್ಸಿನವರೆಗೆ ಕಾಯಬೇಕಾಯಿತು. ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ಪತ್ತೆಯಾಗಿ 2024ರ ಆರಂಭದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದದ್ದನ್ನೂ ಅದೇ ಪುಸ್ತಕದಲ್ಲಿ ತಿಳಿಸಿದ್ದಾರೆ.

ಇದೆಲ್ಲಕ್ಕೂ 1982ರ ನಿಯಮವೇ ಕಾರಣವೆಂದು ವಾದಿಸಿದರೆ ಅದು ಅತಿಯಾದೀತು. ಕೊಕೇನ್ ಮುಟ್ಟಿದ್ದು ಅವರೇ. ವ್ಯಾಪಾರದಲ್ಲಿ ಯಾರನ್ನು ನಂಬಬೇಕೆಂದು ತೀರ್ಮಾನಿಸಿದ್ದೂ ಅವರೇ. ಆದರೆ ಬಾಲ್ಯದಿಂದ ಒಂದೇ ಕೆಲಸಕ್ಕೆ ಒಗ್ಗಿಸಿದ ಹುಡುಗನನ್ನು, ಅದು ಬೇಡವೆನಿಸಿದ ಮರುಕ್ಷಣ ಹೊರಗೆ ಬಿಟ್ಟ ವ್ಯವಸ್ಥೆಗೆ ಯಾವ ಹೊಣೆಯೂ ಇಲ್ಲವೆ? ನಮ್ಮ ಬಡಾವಣೆಗಳಲ್ಲಿ ಮುಂಜಾನೆ ಐದಕ್ಕೆ ಮಕ್ಕಳನ್ನು ಅಕಾಡೆಮಿಗಳಿಗೆ ಕರೆದೊಯ್ಯುವ, ಶಾಲೆಗೆ ಅರ್ಧ ವಿದಾಯ ಹೇಳಿಸಿರುವ ತಂದೆ ತಾಯಂದಿರನ್ನು ಕಂಡಾಗಲೆಲ್ಲ ಈ ಪ್ರಶ್ನೆ ಮೂಡುತ್ತದೆ. ಅವರಲ್ಲಿ ಬಹುಪಾಲು ಮಕ್ಕಳು ಗೆಲ್ಲುವುದಿಲ್ಲ. ಆ ಸಾಧ್ಯತೆಗೆ ಪೋಷಕರು ಒಂದಿಷ್ಟಾದರೂ ಸಿದ್ಧರಿರುತ್ತಾರೆ. ಗೆದ್ದು, ಇಪ್ಪತ್ತೈದಕ್ಕೆ 'ಸಾಕಾಗಿದೆ' ಎಂದು ಮನೆಗೆ ಬರುವ ಮಗುವಿಗೆ ಏನು ಹೇಳಬೇಕೆಂದು ಯೋಚಿಸಿದವರನ್ನು ನಾನಿನ್ನೂ ಭೇಟಿಯಾಗಿಲ್ಲ.

ಬೋರ್ಗ್ ಅವರಿಗೆ ಟೆನಿಸ್ ಲೋಕ ಕೊನೆಗೊಂದು ಕುರ್ಚಿ ಕೊಟ್ಟಿತು. 2017ರಲ್ಲಿ ಆರಂಭವಾದ ಲೇವರ್ ಕಪ್‌ನಲ್ಲಿ ಯುರೋಪ್ ತಂಡದ ನಾಯಕರಾಗಿ 2024ರವರೆಗೆ ಅಂಕಣದ ಪಕ್ಕದಲ್ಲಿ ಕುಳಿತರು. ಏಳು ಬಾರಿಯಲ್ಲಿ ಐದು ಬಾರಿ ಅವರ ತಂಡವೇ ಗೆದ್ದಿತು. 2022ರಲ್ಲಿ ಲಂಡನ್ನಿನಲ್ಲಿ ರೋಜರ್ ಫೆಡರರ್ ತಮ್ಮ ಕೊನೆಯ ಪಂದ್ಯ ಆಡಿ ಕಣ್ಣೀರಿಟ್ಟದ್ದೂ ಅದೇ ತಂಡದಲ್ಲಿ. ಫೆಡರರ್ ಅವರಿಗೆ ಅಂದು 41 ವರ್ಷ. ತಾವು ಆಡದೇ ಬಿಟ್ಟ 15 ವರ್ಷಗಳ ಲೆಕ್ಕ ಪಕ್ಕದಲ್ಲಿದ್ದ ನಾಯಕರ ಮನಸ್ಸಿನಲ್ಲಿ ಬಂದಿತ್ತೋ ಏನೋ, ಮುಖ ನೋಡಿ ಹೇಳುವುದು ಆಗಲೂ ಕಷ್ಟವೇ ಆಗಿತ್ತು.

ಕಬ್ಬನ್ ಉದ್ಯಾನದ ಆ ದಿನ ಲಿಯೋ ಮೊದಲ ಸುತ್ತಿನಲ್ಲೇ ಸೋತರು. ಲೇವರ್ ಕಪ್‌ನಲ್ಲಿ ಎದುರಾಳಿ ವಿಶ್ವ ತಂಡದ ನಾಯಕರಾಗಿದ್ದವರು, ಅಷ್ಟೂ ವರ್ಷ, ಜಾನ್ ಮೆಕೆನ್ರೋ. ಬೋರ್ಗ್ ಹೋದ ಮೇಲೆ ತಮ್ಮ ಆಟದ ಹುರುಪೇ ಕುಂದಿತೆಂದು ಮೆಕೆನ್ರೋ ಹಲವು ಬಾರಿ ಹೇಳಿದ್ದಾರೆ. ಮರಳಿ ಬಾ ಎಂದು ಆಗ ಒತ್ತಾಯಿಸಿದ್ದೂ ಉಂಟು. ಟೂರ್ನಿಗಳಲ್ಲಿ ಅವರಿಬ್ಬರೂ ಪರಸ್ಪರ ಆಡಿದ್ದು 14 ಪಂದ್ಯ, ಗೆಲುವು ತಲಾ 7. ಹದಿನೈದನೆಯದು ನಡೆಯಲಿಲ್ಲ.